ಪಾಲೋ, ಸಾಲವೋ? ದುಬೈನಲ್ಲಿ ಮೀನೂಟದ ಹೊಟೇಲ್ ಇಟ್ಟ ಅಂಕೋಲೆಯವರ ಪ್ರಕರಣ

ಇದು ನಮ್ಮ ಅಂಕೋಲಾ ಕಡೆಯ ಒಂದು ಕುಟುಂಬ ದುಬೈನಲ್ಲಿ ಹೊಟೇಲ್ ಇಟ್ಟ ಕಥೆ. ಹೊಟೇಲ್ ಅಂದರೆ ದೊಡ್ಡದೇನಲ್ಲ, ಇಪ್ಪತ್ತೆರಡು ಕುರ್ಚಿ ಅಷ್ಟೇ. ನಾನು ಊರಲ್ಲಿ ತೆರಿಗೆ, ಲೆಕ್ಕಪತ್ರ ನೋಡಿಕೊಂಡಿರುವವನು. ಈ ಮನೆಯವರ ಇಲ್ಲಿನ ಬ್ಯಾಂಕ್ ಕೆಲಸ, ರಿಟರ್ನ್ ಎಲ್ಲ ಮೊದಲಿಂದ ನನ್ನ ಹತ್ತಿರವೇ ಇತ್ತು. ಜಗಳ ಆದಾಗ ಎರಡೂ ಕಡೆಯವರು ನನ್ನನ್ನೇ ಕರೆದರು, ಹಾಗಾಗಿ ಒಳಗಿನ ಲೆಕ್ಕವೂ ಗೊತ್ತು. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಗಲ್ಲಿ, ಮನೆಯ ವಿವರ ಬದಲಿಸಿದ್ದೇನೆ. ಮೊತ್ತಗಳನ್ನು ಹತ್ತಿರದ ಸಾವಿರಕ್ಕೆ ತಂದಿದ್ದೇನೆ. ಹೊಟೇಲ್ ಇಟ್ಟವರನ್ನು ನಾಯ್ಕರು ಅಂತಲೂ, ದುಡ್ಡು ಹಾಕಿದ ಗೆಳೆಯರನ್ನು ಗಾಂವಕರರು ಅಂತಲೂ ಕರೆಯುತ್ತೇನೆ. ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲು ಹೊಡೆದರೆ ಈ ಎರಡರಲ್ಲಿ ಒಂದು ಅಡ್ಡಹೆಸರಿನವರ ಅಂಗಳಕ್ಕೇ ಬೀಳುತ್ತದೆ. ಆದ್ದರಿಂದ ಯಾರಿರಬಹುದು ಅಂತ ಹುಡುಕಲು ಹೋಗಬೇಡಿ.

ನೌಕರಿ ಬಿಟ್ಟದ್ದು

ನಾಯ್ಕರು ದುಬೈಗೆ ಹೋದದ್ದು 2002ರಲ್ಲಿ, ಒಂದು ಕೇಟರಿಂಗ್ ಕಂಪನಿಯ ಅಡುಗೆ ಸಹಾಯಕನಾಗಿ. ಲೇಬರ್ ಕ್ಯಾಂಪುಗಳಿಗೆ ಊಟ ಕಳಿಸುವ ಕಂಪನಿ ಅದು. ಹದಿನಾರು ವರ್ಷದಲ್ಲಿ ಸ್ಟೋರ್ ನೋಡಿಕೊಳ್ಳುವವರೆಗೆ ಬಂದರು. ಸಾವಿರ ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಈರುಳ್ಳಿ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವ ಮನುಷ್ಯ. ಅವರ ಹೆಂಡತಿ, ನಾನು ಅತ್ತಿಗೆ ಅನ್ನುತ್ತೇನೆ, ಶುಕ್ರವಾರ ರಜೆಯ ದಿನ ಊರ ಹುಡುಗರನ್ನು ಮನೆಗೆ ಕರೆದು ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ ಹಾಕುತ್ತಿದ್ದರು. ಉಂಡವರೆಲ್ಲ ಹೇಳುವ ಮಾತು ಒಂದೇ: "ನೀವು ಒಂದು ಹೊಟೇಲ್ ಇಟ್ರೆ ನಾವೆಲ್ಲ ಅಲ್ಲೇ ಉಣ್ಣೂದು."

ಸುಮ್ನೆ ಊಟ ಮಾಡಿದವರು ಹೇಳುವ ಈ ಮಾತನ್ನು ನಂಬಿ ಎಷ್ಟು ಜನ ಅಂಗಡಿ ಇಟ್ಟಿದ್ದಾರೋ. ಪುಕ್ಕಟೆ ಉಂಡವರು ಎಲ್ಲರೂ ಗಿರಾಕಿಗಳಾಗುವುದಿಲ್ಲ. ಆದರೆ ನಾಯ್ಕರು ಬರೀ ಮಾತು ನಂಬಿ ಹೊರಟವರಲ್ಲ. ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಿದ್ದರು, ತಮ್ಮ ಸರದಿಯೂ ಬರಬಹುದು ಅನ್ನುವ ಅಂದಾಜಿತ್ತು. 2018ರಲ್ಲಿ ತಾವಾಗಿಯೇ ಬಿಟ್ಟರು. ಅಲ್ಲಿನ ಕಾನೂನಿನ ಪ್ರಕಾರ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲ ಸಂಬಳ. ಹದಿನಾರು ವರ್ಷಕ್ಕೆ ಹದಿನಾಲ್ಕೂವರೆ ತಿಂಗಳ ಮೂಲ ಸಂಬಳ ಬಂತು.

ಹೂಡಿದ್ದು ಒಟ್ಟು 3,20,000 ದಿರ್ಹಮ್. ಆಗ ಒಂದು ದಿರ್ಹಮ್‌ಗೆ ಸುಮಾರು 19 ರೂಪಾಯಿ, ಅಂದರೆ ಅರವತ್ತು ಲಕ್ಷದ ಆಚೀಚೆ. ಗ್ರಾಚ್ಯುಟಿ ಮತ್ತು ಉಳಿತಾಯ ಸೇರಿ 1,30,000. ಅತ್ತಿಗೆಯ ಬಂಗಾರ ಇಲ್ಲಿ ಅಡವಿಟ್ಟು 40,000. ಒಂದು ಚೀಟಿ ಎತ್ತಿ 30,000. ಉಳಿದ 1,20,000 ಗಾಂವಕರರದ್ದು. ಈ ಕೊನೆಯ ಮೊತ್ತವೇ ಈ ಪ್ರಕರಣ.

ಹೆದರಿದ್ದು ಒಬ್ಬರಿಗೆ

ಆಗಿನ ಕಾನೂನಿನಲ್ಲಿ ದುಬೈ ಪೇಟೆಯೊಳಗೆ ಎಲ್‌ಎಲ್‌ಸಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ಕಂಪನಿ ಮಾಡಬೇಕಾದರೆ ಶೇಕಡಾ 51 ಪಾಲು ಅಲ್ಲಿನ ಪ್ರಜೆಯ ಹೆಸರಲ್ಲಿ ಇರಲೇಬೇಕಿತ್ತು. ದುಡ್ಡು ಪೂರ್ತಿ ನಿಮ್ಮದು, ಕಾಗದದ ಮೇಲೆ ಅರ್ಧಕ್ಕಿಂತ ಜಾಸ್ತಿ ಅವರದ್ದು. ಅದಕ್ಕೆ ಪ್ರತಿಯಾಗಿ ಅವರಿಗೆ ವರ್ಷಕ್ಕೆ ಇಂತಿಷ್ಟು ಅಂತ ಕೊಡುವ ರೂಢಿ. ಗಲ್ಫ್‌ನಲ್ಲಿರುವ ನಮ್ಮವರು ಇವರನ್ನು ಅರಬಾಬ್ ಅನ್ನುತ್ತಾರೆ. ನಾಯ್ಕರ ಅರಬಾಬ್‌ಗೆ ವರ್ಷಕ್ಕೆ 15,000 ದಿರ್ಹಮ್ ಗೊತ್ತಾಯಿತು.

ನಾಯ್ಕರಿಗೆ ರಾತ್ರಿ ನಿದ್ದೆ ಬರದೇ ಇದ್ದದ್ದು ಈ ಮನುಷ್ಯನ ವಿಷಯಕ್ಕೆ. ವ್ಯಾಪಾರ ಚೆನ್ನಾಗಿ ನಡೆಯಲು ಶುರುವಾದ ಮೇಲೆ ಅಂಗಡಿ ನನ್ನದು, ನೀವು ಹೊರಡಿ ಅಂದುಬಿಟ್ಟರೆ? ಅಂಥ ಕಥೆಗಳನ್ನು ಕೇಳಿದ್ದರು. ಅದಕ್ಕೆ ವಕೀಲರಿಗೆ ದುಡ್ಡು ಕೊಟ್ಟು, ಲಾಭವೆಲ್ಲ ನಾಯ್ಕರದ್ದು, ಆಡಳಿತ ನಾಯ್ಕರದ್ದು ಅಂತ ಹನ್ನೊಂದು ಪುಟದ ಒಪ್ಪಂದ ಮಾಡಿಸಿದರು, ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ. ಇಂಥ ಅಡ್ಡ ಒಪ್ಪಂದಕ್ಕೆ ಕಾನೂನಿನ ಬೆಂಬಲ ಗಟ್ಟಿಯಿರಲಿಲ್ಲ, ಆದರೂ ಎಲ್ಲರೂ ಮಾಡಿಸುತ್ತಿದ್ದರು. ಅದರ ಪ್ರತಿಯನ್ನು ನನಗೂ ಕಳಿಸಿದ್ದರು. ನಾನು ಫೋನಿನಲ್ಲಿ ಕೇಳಿದೆ, ಗಾಂವಕರರ ಕಾಗದ ಎಲ್ಲಿ ಅಂತ.

"ಅಂವ ನಮ್ಮೂರಂವ. ಅವನ ಹತ್ರ ಎಂತಾ ಕಾಗದ?"

ಗಾಂವಕರರಿಗೂ ಕಾಗದ ಬೇಡವಾಗಿತ್ತು, ಅದು ಬೇರೆ ಕಾರಣಕ್ಕೆ. ಅವರು ಅಲ್ಲೇ ಬೇರೊಂದು ಕಂಪನಿಯ ವೀಸಾದಲ್ಲಿದ್ದರು. ಮತ್ತೊಂದು ಲೈಸೆನ್ಸಿನಲ್ಲಿ ಹೆಸರು ಬರಬೇಕಾದರೆ ಕಂಪನಿಯಿಂದ ಒಪ್ಪಿಗೆ ಪತ್ರ ಬೇಕು, ಕೇಳಿದರೆ ನೌಕರಿಗೇ ಕುತ್ತು. ಹಾಗಾಗಿ ಹೆಸರು ಎಲ್ಲಿಯೂ ಬೇಡ ಅಂದರು. ದುಡ್ಡು ಬಂದ ದಾರಿಯೂ ಹಾಗೇ. ಕಾರವಾರದ ನೌಕಾನೆಲೆಗೆ ಹೋದ ಜಮೀನಿಗೆ ಅವರ ತಂದೆಗೆ ಎಷ್ಟೋ ವರ್ಷದ ಮೇಲೆ ಬಂದ ಹೆಚ್ಚುವರಿ ಪರಿಹಾರ ಅದು. ಇದನ್ನು ಬ್ಯಾಂಕಿನ ಮೂಲಕವೇ ಕಳಿಸಬಹುದಿತ್ತು. ಇಲ್ಲಿ ವಾಸವಿರುವ ಯಾರೇ ಆದರೂ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಪ್ಯಾನ್ ಮತ್ತು ಒಂದು ಅರ್ಜಿ ಸಾಕು. ಅದು ಬಿಟ್ಟು ಇಲ್ಲಿ ರೂಪಾಯಿ ಕೊಟ್ಟು ಅಲ್ಲಿ ದಿರ್ಹಮ್ ತಗೊಳ್ಳುವ ಹುಂಡಿ ದಾರಿ ಹಿಡಿದರು. ಅದು ಕಾನೂನಿಗೆ ವಿರುದ್ಧ ಅನ್ನುವುದು ಒಂದು, ಎಲ್ಲಿಯೂ ಗುರುತು ಉಳಿಯುವುದಿಲ್ಲ ಅನ್ನುವುದು ಇನ್ನೊಂದು. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದು ಗೊತ್ತಿದ್ದೇ ಕೇಳಲಿಲ್ಲ.

ಹೀಗೆ 1,00,000 ದಿರ್ಹಮ್ ನಗದು ಮೂರು ಕಂತಿನಲ್ಲಿ ಬಂತು. ಉಳಿದ 20,000ಕ್ಕೆ ಗಾಂವಕರರೇ ಹೋಗಿ ಹಳೇ ಮಾಲಿನ ಅಂಗಡಿಯಿಂದ ಒಂದು ದೊಡ್ಡ ಫ್ರೀಜರ್, ಟೇಬಲ್ಲು, ಕುರ್ಚಿ ತಂದು ಹಾಕಿದರು. ಇದು ಪಾಲೋ, ಸಾಲವೋ? ಲಾಭದಲ್ಲಿ ಎಷ್ಟು? ನಷ್ಟ ಆದರೆ ಏನು? ಯಾರೂ ಕೇಳಲಿಲ್ಲ. "ನೋಡುವಾ ಮಾರಾಯಾ, ನಡೀಲಿ ಮೊದಲು" ಅಂದರಂತೆ.

ಬಾಗಿಲು ತೆರೆಯುವ ಮೊದಲೇ

ಮೊದಲಿದ್ದ ಒಂದು ಕೆಫೆಟೇರಿಯಾದ ಜಾಗ ಸಿಕ್ಕಿತು. ಜಾಗ ಬಿಟ್ಟುಕೊಡುವುದಕ್ಕೆ ಕೊಡುವ ಪಗಡಿ 1,40,000. ಬಾಡಿಗೆ ವರ್ಷಕ್ಕೆ 1,20,000, ನಾಲ್ಕು ಚೆಕ್ಕಿನಲ್ಲಿ. ಅಲ್ಲಿ ಬಾಡಿಗೆ ಅಂದರೆ ವರ್ಷದ ಎಲ್ಲ ಚೆಕ್ಕನ್ನೂ ಮುಂದಿನ ತಾರೀಕು ಹಾಕಿ ಮೊದಲ ದಿನವೇ ಕೊಟ್ಟುಬಿಡಬೇಕು. ನಾಲ್ಕೂ ಚೆಕ್ಕಿಗೆ ಸಹಿ ಹಾಕಿದವರು ನಾಯ್ಕರು. ಅರಬಾಬ್ ಸಹಿ ಇಲ್ಲ, ಗಾಂವಕರರ ಸಹಿ ಇಲ್ಲ. ಆಗ ಅಲ್ಲಿ ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸು. ದುಬೈನಲ್ಲಿ 2017ರ ಕೊನೆಯಿಂದ 2 ಲಕ್ಷ ದಿರ್ಹಮ್‌ವರೆಗಿನ ಚೆಕ್ಕಿಗೆ ಜೈಲಿನ ಬದಲು ದಂಡ ಅಂತ ಆಗಿತ್ತು, ಆದರೂ ಕೇಸು ಕೇಸೇ ಅಲ್ವಾ. ದುಡ್ಡು ಮೂವರದ್ದೋ ನಾಲ್ವರದ್ದೋ ಇರಬಹುದು, ಪೊಲೀಸರು ಕರೆಯುವುದು ಸಹಿ ಹಾಕಿದವನನ್ನು.

2018ರ ಸೆಪ್ಟೆಂಬರಿನಲ್ಲಿ ಜಾಗ ಹಿಡಿದರು, ಅಕ್ಟೋಬರಿಗೆ ಬಾಗಿಲು ತೆರೆಯುವ ಲೆಕ್ಕ. ತೆರೆದದ್ದು ಡಿಸೆಂಬರ್ ನಡುವಿನಲ್ಲಿ. ಮೊದಲಿದ್ದದ್ದು ಚಹಾ, ಸ್ಯಾಂಡ್‌ವಿಚ್ ಅಂಗಡಿ. ಮೀನು ಹುರಿಯುವ ಅಡುಗೆಮನೆಗೆ ಅದು ಸಾಲುವುದಿಲ್ಲ. ಹೊಗೆ ಕೊಳವೆ ಕಟ್ಟಡದ ತಾರಸಿವರೆಗೂ ಹೋಗಬೇಕು. ಹಸಿ ಮೀನು ತೊಳೆಯಲು ಬೇರೆ ಸಿಂಕ್, ತರಕಾರಿಗೆ ಬೇರೆ, ಕೈಗೆ ಬೇರೆ. ನೀರು ಹೋಗುವಲ್ಲಿ ಜಿಡ್ಡು ಹಿಡಿಯುವ ತೊಟ್ಟಿ. ಬೆಂಕಿ ಸುರಕ್ಷತೆಯವರ ಒಪ್ಪಿಗೆ. ಕೆಲಸದ ಪ್ರತಿಯೊಬ್ಬರಿಗೂ ಆರೋಗ್ಯ ಕಾರ್ಡ್, ಆಹಾರ ಸುರಕ್ಷತೆಯ ತರಬೇತಿ ಪಡೆದು ಸರ್ಟಿಫಿಕೇಟ್ ಇರುವ ಒಬ್ಬರು ಅಡುಗೆಮನೆಗೆ ಜವಾಬ್ದಾರರು. ಅತ್ತಿಗೆಯ ಹೆಸರಿಗೂ ವರ್ಕ್ ಪರ್ಮಿಟ್ ಮಾಡಿಸಿದರು, ಇಲ್ಲದಿದ್ದರೆ ತಮ್ಮದೇ ಹೊಟೇಲಿನ ಒಲೆಯ ಮುಂದೆ ನಿಲ್ಲುವ ಹಾಗಿಲ್ಲ. ಇದೆಲ್ಲ ನಾಯ್ಕರಿಗೆ ಗೊತ್ತಿಲ್ಲದ್ದೇನಲ್ಲ, ಹದಿನಾರು ವರ್ಷ ಅದೇ ಕೆಲಸ. ಕೊಳವೆಯೊಂದು ಮಾತ್ರ ಹೊಡೆತ ಕೊಟ್ಟಿತು. ಮೇಲಿನ ಅಂತಸ್ತುಗಳ ಪಕ್ಕದಿಂದ ಹಾಯಿಸಬೇಕು, ಅದಕ್ಕೆ ಕಟ್ಟಡದ ಮಾಲೀಕರ ಪತ್ರ ಬೇಕು, ಮಾಲೀಕರು ದೇಶದಲ್ಲಿರಲಿಲ್ಲ. ಬರೀ ಒಂದು ಪತ್ರಕ್ಕೆ ಐದು ವಾರ.

ಪಗಡಿ 1,40,000, ಮೊದಲ ಚೆಕ್ 30,000, ಲೈಸೆನ್ಸು, ಅರಬಾಬ್, ವೀಸಾ ಎಲ್ಲ ಸೇರಿ 45,000, ಅಡುಗೆಮನೆಗೆ 60,000. ಕೈಯಲ್ಲಿ ಉಳಿದದ್ದು 45,000. ಅಷ್ಟರಲ್ಲಿ ಎರಡನೇ ಬಾಡಿಗೆ ಚೆಕ್ಕಿನ ದಿನ ಬಂತು, 30,000 ಹೋಯಿತು. ಇಬ್ಬರು ಹುಡುಗರ ಸಂಬಳಕ್ಕೆ, ಮನೆ ಖರ್ಚಿಗೆ 9,000. ಒಂದು ಪ್ಲೇಟ್ ಊಟ ಮಾರುವ ಮೊದಲೇ ಅರ್ಧ ವರ್ಷದ ಬಾಡಿಗೆ ಕಟ್ಟಿದ್ದರು. ಬಾಗಿಲು ತೆರೆದ ದಿನ ಕೈಯಲ್ಲಿದ್ದದ್ದು 6,000 ದಿರ್ಹಮ್.

ನನ್ನ ಲೆಕ್ಕಕ್ಕೆ ಹೊಟೇಲಿನ ಮೊದಲ ತಪ್ಪು ಇಲ್ಲೇ ಆಯಿತು, ಅದೂ ರುಚಿಗೋ ಗಿರಾಕಿಗೋ ಸಂಬಂಧವೇ ಇಲ್ಲದ ತಪ್ಪು. ಅಂಗಡಿ ಇಡುವವರು ಪಗಡಿ, ಬಾಡಿಗೆ, ಸಾಮಾನು ಅಂತ ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ಬಾಗಿಲು ಮುಚ್ಚಿಯೇ ಇರುವ ತಿಂಗಳುಗಳಿಗೂ ಒಂದು ಸಾಲು ಬರೆಯಬೇಕು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಜುಮ್ಮನಕಾಯಿ ಇಲ್ಲದ ಬಂಗಡೆ

ಶುರುವಿನಲ್ಲಿ ಇದ್ದದ್ದು ಒಂದೇ ಪದಾರ್ಥ, ನಮ್ಮ ಕಡೆಯ ಮೀನೂಟ. ಶುಕ್ರವಾರ ಜನ ಹೊರಗೆ ನಿಂತು ಕಾಯುತ್ತಿದ್ದರು. ಕಾರವಾರದವರು, ಗೋವಾದವರು, ಮಂಗಳೂರಿನವರು. ಭಾನುವಾರದಿಂದ ಗುರುವಾರದವರೆಗೆ ನೊಣ ಹೊಡೆಯುವ ಕೆಲಸ. 2019ರ ಜನವರಿಯ ವ್ಯಾಪಾರ ಬರೀ 11,000. ಪಕ್ಕದ ಮಲಯಾಳಿಯವರ ಕೆಫೆಟೇರಿಯಾದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಆಗ ಒಂದು ದಿರ್ಹಮ್‌ನ ಚಹಾಕ್ಕೆ ಜನ ಬರುತ್ತಲೇ ಇರುತ್ತಿದ್ದರು.

ಆ ತಿಂಗಳಲ್ಲೇ ತಪಾಸಣೆಗೆ ಬಂದವರು ಡಬ್ಬಿಗಳನ್ನು ತೆಗೆಸಿ ನೋಡಿದರು. ಊರಿಂದ ಬ್ಯಾಗಿನಲ್ಲಿ ತಂದ ಹುಳಿಗೆ ಹಾಕುವ ಮುರುಗಲು ಸಿಪ್ಪೆ, ಮೀನು ಸಾರಿನ ಘಮಕ್ಕೆ ಹಾಕುವ ಒಣಗಿಸಿದ ಜುಮ್ಮನಕಾಯಿ, ಅತ್ತಿಗೆಯ ತಾಯಿ ಕುಟ್ಟಿ ಕೊಟ್ಟ ಮಸಾಲೆ. ಯಾರು ತಯಾರಿಸಿದ್ದು, ಯಾವಾಗ, ಬಿಲ್ ಎಲ್ಲಿ? ಚೀಟಿ ಇಲ್ಲ, ತಾರೀಕಿಲ್ಲ. ಎಲ್ಲ ಕಸದ ಡಬ್ಬಿಗೆ ಹೋಯಿತು. ತಪ್ಪು ತಪಾಸಣೆಯವರದ್ದಲ್ಲ. ಮನೆಗೆ ಅಂತ ತಂದದ್ದನ್ನು ಹೊಟೇಲಿನ ಅಡುಗೆಮನೆಯಲ್ಲಿ ಇಡುವ ಹಾಗಿಲ್ಲ. ಮಾರುವ ಆಹಾರಕ್ಕೆ ಅರಬ್ಬಿಯಲ್ಲಿ ಲೇಬಲ್ ಬೇಕು, ಆಮದಾದ ದಾಖಲೆ ಬೇಕು. ಲೇಬಲ್ ಇರುವ ಮುರುಗಲು ವಾರದಲ್ಲೇ ಸಿಕ್ಕಿತು. ಜುಮ್ಮನಕಾಯಿ ಸಿಗಲು ನಾಲ್ಕು ತಿಂಗಳು. ಅಷ್ಟು ದಿನ ಅದಿಲ್ಲದೆಯೇ ಬಂಗಡೆ ಸಾರು ಮಾಡಿದರು. ಊರ ಹುಡುಗರು ಬಾಯಿಗಿಟ್ಟ ಕೂಡಲೇ ಕಂಡುಹಿಡಿದರಂತೆ. ಗೋವಾದವರು ಅದಕ್ಕೆ ತೆಪ್ಪಳ ಅನ್ನುತ್ತಾರೆ, ಅವರಂತೂ ಮುಖಕ್ಕೇ ಹೇಳಿದರು.

ಹೊಟೇಲನ್ನು ಎತ್ತಿದ್ದು ಮೆಸ್. ಮಾರ್ಚಿನಲ್ಲಿ ಅತ್ತಿಗೆಯೇ ಶುರು ಮಾಡಿಸಿದ್ದು: ತಿಂಗಳಿಗೆ 350 ದಿರ್ಹಮ್, ದಿನಕ್ಕೆ ಎರಡು ಊಟ, ಮಧ್ಯಾಹ್ನದ್ದು ಡಬ್ಬಿಯಲ್ಲಿ. ವಾರದಲ್ಲಿ ನಾಲ್ಕು ದಿನ ಮೀನು, ಎರಡು ದಿನ ಬೇಳೆ ತರಕಾರಿ, ಒಂದು ದಿನ ಕೋಳಿ. ದುಬಾರಿ ಇಸೋಣ ಬಿಟ್ಟು ಬಂಗಡೆ, ತಾರ್ಲೆ. ನಾಯ್ಕರಿಗೆ ಮೊದಲು ಇದು ಮನಸ್ಸಿಗೆ ಬರಲಿಲ್ಲ. ಹದಿನಾರು ವರ್ಷ ಮೆಸ್ ಊಟ ಕಳಿಸಿದ್ದು ಸಾಕು, ಹೊಟೇಲ್ ಇಟ್ಟದ್ದೇ ಅದರಿಂದ ತಪ್ಪಿಸಿಕೊಳ್ಳಲು ಅನ್ನುತ್ತಿದ್ದರು. ಆದರೆ ಅವರಿಗೆ ನಿಜವಾಗಿ ಬರುತ್ತಿದ್ದ ವಿದ್ಯೆ ಅದೇ. ನಾಳೆ ಎಷ್ಟು ಜನ ಅಂತ ಮೊದಲೇ ಗೊತ್ತಿದ್ದರೆ ಒಂದು ಹಿಡಿ ಅನ್ನವನ್ನೂ ಹಾಳು ಮಾಡದ ಮನುಷ್ಯ. ಸೆಪ್ಟೆಂಬರ್ ಹೊತ್ತಿಗೆ ಮೆಸ್ಸಿಗೆ 75 ಜನ.

ಇಲ್ಲಿ ಇನ್ನೊಂದು ಸಣ್ಣ ತಪ್ಪು ನುಸುಳಿತು. ದುಡ್ಡು ಮುಂಗಡ ಅಂತ ಶುರುವಾದದ್ದು ನಿಧಾನಕ್ಕೆ ತಿಂಗಳ ಕೊನೆಗೆ ಜಾರಿತು. ಊರ ಹುಡುಗರು, ಸಂಬಳ ಬಂದಿಲ್ಲ ಅಂದರೆ ಊಟ ಇಲ್ಲ ಅನ್ನುವುದು ಹೇಗೆ? ಉದ್ರಿ ಪುಸ್ತಕ ದಪ್ಪವಾಗುತ್ತಾ ಹೋಯಿತು.

ವ್ಯಾಟ್, ಅಂದರೆ ಮಾರಾಟದ ಮೇಲಿನ ತೆರಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿ 2018ರ ಜನವರಿಯಿಂದ ಶೇಕಡಾ 5 ವ್ಯಾಟ್ ಇದೆ, 3,75,000 ದಿರ್ಹಮ್ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. 2019ರ ವರ್ಷದ ವ್ಯಾಪಾರ 3,52,000, ಹಾಗಾಗಿ ನಾಯ್ಕರು ನಿಶ್ಚಿಂತೆಯಿಂದ ಇದ್ದರು. ನಿಯಮ ಇರುವುದು ಜನವರಿಯಿಂದ ಡಿಸೆಂಬರ್ ಅಂತಲ್ಲ, ಯಾವುದೇ ಹಿಂದಿನ ಹನ್ನೆರಡು ತಿಂಗಳು. 2020ರ ಜನವರಿಯಲ್ಲಿ 38,000 ವ್ಯಾಪಾರ ಆಯಿತು, ಹಿಂದಿನ ಜನವರಿಯ 11,000 ಲೆಕ್ಕದಿಂದ ಹೊರಗೆ ಹೋಯಿತು, ಮೊತ್ತ 3,79,000 ಆಯಿತು. ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು, ತಡವಾದರೆ ಆಗ 20,000 ದಿರ್ಹಮ್ ದಂಡ. ಅವರು ಸುಮ್ನೆ ನನಗೆ ಲೆಕ್ಕ ಕಳಿಸಿದ್ದರಿಂದ ಕಣ್ಣಿಗೆ ಬಿತ್ತು.

ಉದ್ರಿ ಹಾರಿಹೋದದ್ದು

2019ರ ಆಗಸ್ಟಿನಿಂದ 2020ರ ಫೆಬ್ರವರಿವರೆಗೆ, ಏಳು ತಿಂಗಳು, ಗಾಂವಕರರಿಗೆ ತಿಂಗಳಿಗೆ 2,000 ದಿರ್ಹಮ್ ಹೋಗುತ್ತಿತ್ತು. ಕೈಯಲ್ಲೇ, ನಗದಾಗಿ. ಏನಂತ ಅಂದರೆ ಏನೂ ಇಲ್ಲ, "ತಗೋ" ಅಂತ.

ಮಾರ್ಚಿನಲ್ಲಿ ಕೊರೋನಾ. ಕೂತು ಉಣ್ಣುವುದು ಬಂದ್ ಆಯಿತು. ಏಪ್ರಿಲ್ 4ರಿಂದ ದುಬೈನಲ್ಲಿ ಮೂರು ವಾರ ಹಗಲು ರಾತ್ರಿ ಯಾರೂ ಅನುಮತಿ ಇಲ್ಲದೆ ಹೊರಬರುವಂತಿಲ್ಲ. ಡೆಲಿವರಿ ಮಾತ್ರ ಇತ್ತು. ಮೆಸ್ಸಿನ ಹುಡುಗರಲ್ಲಿ ಅರ್ಧ ಜನಕ್ಕೆ ಸಂಬಳ ಇಲ್ಲ, ಕೆಲವರಿಗೆ ಕೆಲಸವೇ ಇಲ್ಲ. ಮೇ 7ರಿಂದ ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಊರಿಗೆ ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು. ಉದ್ರಿ ಪುಸ್ತಕದಲ್ಲಿ ಆಗ ಇದ್ದದ್ದು 31,000 ದಿರ್ಹಮ್, ಅದರಲ್ಲಿ ಅರ್ಧ ಹೆಸರು ಆ ವಿಮಾನಗಳಲ್ಲಿ ಹಾರಿ ಊರು ಸೇರಿದವು. ಯಾರನ್ನೂ ದೂರುವ ಹಾಗಿಲ್ಲ. ಕುಮಟಾ ಕಡೆಯ ಒಬ್ಬ ಹುಡುಗ ಕ್ವಾರಂಟೈನ್ ಮುಗಿಸಿ ನಾಯ್ಕರ ತಾಯಿಯ ಮನೆ ಹುಡುಕಿಕೊಂಡು ಹೋಗಿ, ಅಂಗಳದಲ್ಲೇ ನಿಂತು ಏಳು ಸಾವಿರ ರೂಪಾಯಿ ಕೊಟ್ಟು ಬಂದ. ಬಾಕಿ ಬಂದದ್ದೂ ಸೇರಿ ವಸೂಲಾದದ್ದು 9,000 ದಿರ್ಹಮ್.

ಈ ಹೊತ್ತಿನಲ್ಲಿ ನಾಯ್ಕರು ತೆಗೆದುಕೊಂಡ ಒಂದು ನಿರ್ಧಾರ ಹೊಟೇಲನ್ನು ಉಳಿಸಿತು ಅಂತ ನನ್ನ ಅಭಿಪ್ರಾಯ. ಜೂನಿನ ಬಾಡಿಗೆ ಚೆಕ್ 30,000. ಖಾತೆಯಲ್ಲಿ ಅಷ್ಟಿಲ್ಲ. ಪರಿಚಯದವರು ಹೇಳಿದ್ದು, ಎಲ್ಲರದ್ದೂ ಬೌನ್ಸ್ ಆಗುತ್ತಿದೆ, ಯಾರು ಕೇಳುತ್ತಾರೆ, ಸುಮ್ಮನಿರಿ ಅಂತ. ನಾಯ್ಕರು ಸುಮ್ಮನಿರಲಿಲ್ಲ. ತಾರೀಕಿಗೆ ಮೂರು ವಾರ ಮೊದಲೇ ಕಟ್ಟಡ ನೋಡಿಕೊಳ್ಳುವವರ ಹತ್ತಿರ ಹೋದರು. ರಿಯಾಯಿತಿ ಕೇಳಲಿಲ್ಲ, ವ್ಯಾಪಾರದ ಪುಸ್ತಕ ಬಿಚ್ಚಿ ತೋರಿಸಿದರು. ಇಷ್ಟು ಬರುತ್ತಿದೆ, ಇಷ್ಟು ಕೊಡಬಲ್ಲೆ. ಆ ಒಂದು ಚೆಕ್ಕನ್ನು ವಾಪಸ್ ಪಡೆದು ತಿಂಗಳಿಗೆ 5,000ದ ಆರು ಚೆಕ್ ಕೊಟ್ಟು ಬಂದರು. ಚೆಕ್ ಬೌನ್ಸ್ ಆದ ಮೇಲೆ ಹೋಗಿದ್ದರೆ ಇದೇ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ಅತ್ತಿಗೆಯನ್ನೂ ಮಕ್ಕಳನ್ನೂ ಜೂನಿನಲ್ಲಿ ಊರಿಗೆ ಕಳಿಸಿ, ಒಬ್ಬ ಹುಡುಗನನ್ನು ಇಟ್ಟುಕೊಂಡು ತಾವೇ ಅಡುಗೆ, ತಾವೇ ಡಬ್ಬಿ ಸಾಗಿಸುವುದು.

ಚೌತಿಯ ನಂತರದ ಪಂಚಾಯ್ತಿ

ಗಾಂವಕರರ ನೌಕರಿಯೂ ಹೋಗಿತ್ತು. ಅವರೂ ಜುಲೈನಲ್ಲಿ ಊರಿಗೆ ಬಂದರು. ಕೈಯಲ್ಲಿ ದುಡ್ಡಿಲ್ಲ, ಅಪ್ಪ ದಿನಾ ಕೇಳುತ್ತಾರೆ, ಜಮೀನಿನ ದುಡ್ಡು ಏನಾಯಿತು ಅಂತ. ಆಗ ಅವರ ಬಾಯಲ್ಲಿ ಮೊದಲ ಸಲ ಆ ಶಬ್ದ ಬಂತು, ಸಾಲ. "ನಾನು ಕೊಟ್ಟದ್ದು ಸಾಲ. 1,20,000. ವಾಪಸ್ ಬೇಕು." ನಾಯ್ಕರು ಫೋನಿನಲ್ಲಿ, ಅದು ಪಾಲು, ಹೊಟೇಲೇ ಮುಳುಗುತ್ತಿರುವಾಗ ಎಲ್ಲಿಂದ ಕೊಡಲಿ ಅಂದರು. ಜೊತೆಗೆ, ನಗದು ಬಂದದ್ದು 1,00,000 ಮಾತ್ರ, ಹಳೇ ಕುರ್ಚಿ ಟೇಬಲ್ಲಿಗೆ 20,000 ಯಾರು ಕೊಡುತ್ತಾರೆ ಅಂತಲೂ ಅಂದುಬಿಟ್ಟರು. ಗಾಂವಕರರ ಅಣ್ಣಂದಿರು ನಾಯ್ಕರ ತಾಯಿಯ ಮನೆ ಜಗಲಿಗೆ ಬಂದು ಕೂತರು. ಎರಡು ಮನೆಯವರು ಒಂದೇ ದೇವಸ್ಥಾನದವರು, ಮಾತು ಬಿಟ್ಟರು.

ಕೋರ್ಟಿನ ದಾರಿ ಇಬ್ಬರಿಗೂ ಇರಲಿಲ್ಲ. ಗಾಂವಕರರ ಕೈಯಲ್ಲಿ ಒಂದು ಚೂರು ಕಾಗದ ಇಲ್ಲ. ದುಡ್ಡು ಕಳಿಸಿದ್ದು ಹೇಗೆ ಅಂತ ಕೇಳಿದರೆ ಹುಂಡಿ ಅನ್ನಬೇಕು. ನಾಯ್ಕರು ಬೇಕಾಗಿದ್ದರೆ ದುಡ್ಡೇ ಬಂದಿಲ್ಲ ಅಂದುಬಿಡಬಹುದಿತ್ತು. ಒಬ್ಬಿಬ್ಬರು ಹಾಗೆ ಹೇಳಿಯೂ ಕೊಟ್ಟರು. ಹಾಗೆ ಮಾಡಲಿಲ್ಲ ಅನ್ನುವುದು ಅವರ ಬಗ್ಗೆ ನಾನು ಹೇಳಬಹುದಾದ ದೊಡ್ಡ ಮಾತು.

ಚೌತಿ ಆ ವರ್ಷ ಆಗಸ್ಟ್ 22ಕ್ಕೆ. ಅದಾಗಿ ಮೂರನೇ ದಿನ ನಾಯ್ಕರ ಮನೆಯ ಅಂಗಳದಲ್ಲಿ ದೂರ ದೂರ ಕುರ್ಚಿ ಹಾಕಿ ಕೂತೆವು. ಗಾಂವಕರರು, ಅವರ ತಂದೆ, ಊರ ಹಿರಿಯರು ಇಬ್ಬರು, ನಾನು. ನಾಯ್ಕರು ದುಬೈಯಿಂದ ವಿಡಿಯೋದಲ್ಲಿ. ಅರ್ಧ ಗಂಟೆ ಬರೀ ಕೂಗಾಟ. ಆಗ ಅತ್ತಿಗೆ ಒಳಗಿನಿಂದ ಒಂದು ಶಾಲೆಯ ನೋಟ್‌ಬುಕ್ ತಂದು ನನ್ನ ಕೈಗೆ ಕೊಟ್ಟರು.

ಅದರಲ್ಲಿ ಮೊದಲ ದಿನದಿಂದ ಎಲ್ಲ ಇತ್ತು. ಗಾಂವಕರರು ದುಡ್ಡು ತಂದ ಮೂರು ತಾರೀಕು, ಮೊತ್ತ. ಫ್ರೀಜರ್ 12,000, ಟೇಬಲ್ ಕುರ್ಚಿ 8,000, ಹಳೇ ಮಾಲಿನ ಅಂಗಡಿಯ ಬಿಲ್ ಪುಟಕ್ಕೆ ಅಂಟಿಸಿದ್ದು. ಆಗಸ್ಟಿನಿಂದ ತಿಂಗಳು ತಿಂಗಳು "ಗಾಂವಕರ ಭಾವನಿಗೆ ಪಾಲು 2,000". ಅತ್ತಿಗೆ ಬರೆದದ್ದು ಪಾಲು ಅಂತ, ಸಾಲ ಅಂತ ಅಲ್ಲ. ಪುಸ್ತಕ ಎರಡೂ ಕಡೆಗೆ ಕಚ್ಚಿತು. ದುಡ್ಡು 1,20,000 ಅನ್ನುವುದು ನಾಯ್ಕರ ವಿರುದ್ಧ, ಪಾಲು ಅನ್ನುವುದು ಗಾಂವಕರರ ವಿರುದ್ಧ. ಗಾಂವಕರರ ತಂದೆ ಪುಟ ತಿರುಗಿಸಿ ನೋಡಿ, ಮಗನ ಕಡೆ ನೋಡಿ, "ತಿಂಗಳಿಗೆ ಎರಡು ಸಾವಿರ ಬತ್ತಾ ಇತ್ತಾ?" ಅಂದರು. ಅವರಿಗೆ ಅದು ಗೊತ್ತೇ ಇರಲಿಲ್ಲ. ಅಲ್ಲಿಂದ ಮಾತಿನ ದನಿ ಇಳಿಯಿತು.

ನಾನು ಎರಡೂ ಲೆಕ್ಕವನ್ನು ಹಾಳೆಯಲ್ಲಿ ಹಾಕಿ ತೋರಿಸಿದೆ. ಪಾಲು ಅಂತ ಹಿಡಿದರೆ 3,20,000ದಲ್ಲಿ 1,20,000, ಅಂದರೆ ಶೇಕಡಾ 37.5. ಆ ವಾರ ಹೊಟೇಲಿಗೆ ಒಬ್ಬರು ಕೇಳಿದ ಬೆಲೆ 80,000. ಬಾಡಿಗೆ ಬಾಕಿ 20,000, ಮೀನು ಕಿರಾಣಿಯವರಿಗೆ 28,000 ಕೊಡಬೇಕು. ಉಳಿಯುವುದು 32,000, ಅದರಲ್ಲಿ ಗಾಂವಕರರ ಪಾಲು 12,000. ಈಗಾಗಲೇ ತಗೊಂಡದ್ದು 14,000. ಸಾಲ ಅಂತ ಹಿಡಿದರೆ 1,20,000 ಪೂರ್ತಿ ಕೊಡಬೇಕು, ಕೊಡಲು ಹೊಟೇಲ್ ಮಾರಿದರೂ ಆಗುವುದಿಲ್ಲ. ಒಂದೇ ದುಡ್ಡು, ಒಂದು ಶಬ್ದ ಬದಲಾದರೆ ಹತ್ತು ಪಟ್ಟು ವ್ಯತ್ಯಾಸ.

ಮಧ್ಯಾಹ್ನ ಊಟದ ಹೊತ್ತಿಗೆ 60,000ಕ್ಕೆ ಬಂದು ನಿಂತಿತು. ತಿಂಗಳಿಗೆ 1,500ರಂತೆ ನಲವತ್ತು ಕಂತು, 2021ರ ಜನವರಿಯಿಂದ, ಬ್ಯಾಂಕಿನ ಮೂಲಕವೇ. ಹೊಟೇಲ್ ಪೂರ್ತಿ ನಾಯ್ಕರದ್ದು. ಸ್ಟಾಂಪ್ ಪೇಪರಿನಲ್ಲಿ ಕನ್ನಡದಲ್ಲೇ ಬರೆದು, ಇಬ್ಬರು ಹಿರಿಯರೂ ಸಹಿ ಹಾಕಿದರು. 60,000 ನ್ಯಾಯವೇ ಅಂದರೆ, ಲೆಕ್ಕದ ಪ್ರಕಾರ ಜಾಸ್ತಿ, ನಾಯ್ಕರೇ ಒಪ್ಪಿದ್ದು. ತಾವು ಚೆಕ್ಕಿಗೆ ಸಹಿ ಹಾಕಿ ಒಬ್ಬರೇ ಹೊತ್ತದ್ದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ನಾನು ಅದನ್ನು ಎತ್ತಬೇಕಿತ್ತೇನೋ ಅಂತ ಈಗ ಅನಿಸುತ್ತದೆ.

ಆಮೇಲೆ

2021ರ ಜೂನ್ 1ರಿಂದ ಅಲ್ಲಿ ಕಾನೂನು ಬದಲಾಯಿತು. ಹೆಚ್ಚಿನ ವ್ಯಾಪಾರಗಳಿಗೆ ಸ್ಥಳೀಯರ 51ರ ಪಾಲು ಬೇಕಿಲ್ಲ, ಹೊರಗಿನವರೇ ಪೂರ್ತಿ ಒಡೆಯರಾಗಬಹುದು. 2022ರಲ್ಲಿ ನಾಯ್ಕರು ಧೈರ್ಯ ಮಾಡಿ ಅರಬಾಬ್‌ಗೆ ವಿಷಯ ಹೇಳಿದರು. ಹನ್ನೊಂದು ಪುಟದ ಒಪ್ಪಂದವನ್ನೂ ಜೊತೆಗೆ ಒಯ್ದಿದ್ದರು, ಜಗಳ ಬಂದರೆ ಇರಲಿ ಅಂತ. ಆ ಮನುಷ್ಯ ನೋಟರಿಯವರ ಹತ್ತಿರ ಬಂದು ಸಹಿ ಹಾಕಿ, ಆ ವರ್ಷದ ಬಾಕಿ ತಗೊಂಡು ಹೋದರು, ಅಷ್ಟೇ. ಆ ಒಪ್ಪಂದವನ್ನು ಒಂದು ಸಲವೂ ಬಿಚ್ಚಬೇಕಾಗಿ ಬರಲಿಲ್ಲ.

ಆ ವರ್ಷವೇ ಸರ್ಕಾರಿ ವಾರದ ರಜೆ ಶನಿವಾರ ಭಾನುವಾರಕ್ಕೆ ಹೋಯಿತು, ಶುಕ್ರವಾರದ ನೂಕುನುಗ್ಗಲು ಎರಡು ದಿನಕ್ಕೆ ಹಂಚಿಹೋಯಿತು. ಮೆಸ್ಸಿಗೆ ಈಗ 90 ಜನ, ದುಡ್ಡು ಮುಂಗಡ. ಅತ್ತಿಗೆ ವಾಪಸ್ ಹೋಗಿದ್ದಾರೆ, ಉದ್ರಿ ಕೇಳಿದವರನ್ನು ಅವರ ಹತ್ತಿರ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಈಗ ಯಾರಾದರೂ ಮಸ್ಕತ್ತಿನಲ್ಲಿ ಸಲೂನ್, ಬಹ್ರೇನಿನಲ್ಲಿ ದರ್ಜಿ ಅಂಗಡಿ ಅಂತ ನನ್ನ ಹತ್ತಿರ ಬಂದರೆ, ಆ ದೇಶದ ಕಾನೂನಿನ ಬಗ್ಗೆ ಅಲ್ಲಿನವರನ್ನೇ ಕೇಳಿ ಅನ್ನುತ್ತೇನೆ. ನಾನು ಕೇಳುವುದು ಊರಿನ ದುಡ್ಡಿನ ಬಗ್ಗೆ. ಯಾರು ಕೊಡುತ್ತಿದ್ದಾರೆ, ಪಾಲೋ ಸಾಲವೋ, ಅಂಗಡಿ ಮುಳುಗಿದರೆ ಎಷ್ಟು ವಾಪಸ್, ಚೆಕ್ಕಿಗೆ ಸಹಿ ಯಾರದ್ದು. ನಾಲ್ಕು ಸಾಲು, ದುಡ್ಡು ಕೈಗೆ ಬರುವ ಮೊದಲು, ಇಬ್ಬರ ಸಹಿ. ಅರ್ಧ ಜನ ಮುಖ ಸಣ್ಣ ಮಾಡುತ್ತಾರೆ. ಅಣ್ಣನ ಹತ್ತಿರ ಹೇಗೆ ಬರೆಸಿಕೊಳ್ಳುವುದು, ಭಾವ ಬೇಜಾರು ಮಾಡಿಕೊಳ್ಳುತ್ತಾರೆ ಅಂತ. ಬೇಜಾರಾಗುವವರಾದರೆ ಈಗಲೇ ಆಗಲಿ ಅನ್ನುತ್ತೇನೆ, ಆಗ ದುಡ್ಡಾದರೂ ಅವರವರ ಕೈಯಲ್ಲೇ ಇರುತ್ತದೆ.

ಕೊನೆಯ ಕಂತು 2024ರ ಏಪ್ರಿಲ್‌ನಲ್ಲಿ ಹೋಯಿತು. ಗಾಂವಕರರು ಮತ್ತೆ ದುಬೈನಲ್ಲಿದ್ದಾರೆ, ತಿಂಗಳಿಗೊಮ್ಮೆ ಬಂದು ಉಂಡು ಬಿಲ್ ಕೊಟ್ಟು ಹೋಗುತ್ತಾರಂತೆ. ಫ್ರೀಜರ್ ವಿಷಯ ಮಾತ್ರ ಬಾಕಿ ಇದೆ. ಅದರ 12,000 ಲೆಕ್ಕದಲ್ಲಿ ಸೇರಿಸಿದೆವು, ಆದರೆ ಇನ್ನು ಮುಂದೆ ಅದು ಯಾರದ್ದು ಅಂತ ಕಾಗದದಲ್ಲಿ ಬರೆಯಲು ನಾನು ಮರೆತೆ. ಗಾಂವಕರರು ಊಟಕ್ಕೆ ಬಂದಾಗಲೆಲ್ಲ ಅದರ ಮೇಲೆ ಒಂದು ಸಲ ಕೈ ಬಡಿದು, "ಹ್ಯಾಂಗಿದೆ ನನ್ನ ಫ್ರೀಜರ್?" ಅನ್ನುತ್ತಾರಂತೆ. ನಾಯ್ಕರು ಇದನ್ನು ನಗುತ್ತಲೇ ಹೇಳುತ್ತಾರೆ, ಆದರೆ ಎರಡು ಸಲ ಹೇಳಿದ್ದಾರೆ.